ತಂತಿಯ ಮೇಲಿನ ಸರಪಳಿ

1979ನೇ ಇಸವಿ ಮೇ 25, ಶುಕ್ರವಾರ, ಅಮಾವಾಸ್ಯೆ. ಸಂಜೆ ನಾಲ್ಕೂ ಹತ್ತಕ್ಕೆ ಹುನಗುಂದ ತಾಲೂಕಿನ ಕರಿಗುಡ್ಡ ಠಾಣೆಗೆ ವಿದ್ಯುತ್ ಶಾಖಾಧಿಕಾರಿ ದೂರು ತಂದರು. ಇಳಕಲ್ಲಿಗೆ ಹೋಗುವ ಲೈನಿನ ಮೇಲೆ ಯಾರೋ ಕಿಡಿಗೇಡಿಗಳು ಕಬ್ಬಿಣದ ಸರಪಳಿ ಹಾಕಿದ್ದಾರೆ. ಲೈನು ಚಾಲೂ ಮಾಡಿದ ಕೂಡಲೇ ವಿದ್ಯುತ್ ಕೇಂದ್ರದ ಸ್ವಿಚ್ಚು ಸಿಡಿದು ಆಪರೇಟರ್ ಚಾಂದಸಾಬನ ಬಲಗೈ ಸುಟ್ಟಿದೆ. ಸಬ್‌ಇನ್‌ಸ್ಪೆಕ್ಟರ್ ಸಂಗಯ್ಯ ಎಫ್‌ಐಆರ್ ಬರೆದು, ಕಾನ್‌ಸ್ಟೇಬಲ್ ಮುತ್ತಪ್ಪನನ್ನು ಕರೆದುಕೊಂಡು ಸ್ಥಳಕ್ಕೆ ಹೋದ.

ಪಂಚನಾಮೆ ಐದೂವರೆಗೆ ಶುರುವಾಯಿತು. ಅರವತ್ತೆರಡನೆಯ ಕಂಬದ ಪಕ್ಕದಲ್ಲಿ ಬಾವಿಯ ಸರಪಳಿಯೊಂದು ಕರಗಿ ತಂತಿಗೆ ಅಂಟಿಕೊಂಡಿತ್ತು. ಕೆಳತುದಿಯನ್ನು ನೆಲಕ್ಕೆ ಬಡಿದ ಕಬ್ಬಿಣದ ಗೂಟಕ್ಕೆ ಬಿಗಿದಿದ್ದರು. ಹತ್ತಿರದಲ್ಲೇ ಕಲ್ಲು ಕಟ್ಟಿದ ಉದ್ದನೆಯ ಹುರಿ, ಹರಿದ ಕವಣೆ ಬಿದ್ದಿದ್ದವು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವಂಥ ಕವಣೆ. ಮೊದಲು ಹುರಿಯನ್ನು ತಂತಿಯ ಆಚೆ ಎಸೆದು, ಆಮೇಲೆ ಸರಪಳಿಯನ್ನು ಮೇಲಕ್ಕೆಳೆದಿದ್ದರು.

ಎಂಟು ಕಂಬ ಮುಂದೆ ಹಳೇ ತಂತಿ ತೆಗೆದು ದಪ್ಪ ತಂತಿ ಎಳೆಯುವ ಕೆಲಸ ನಡೆದಿತ್ತು. ಆ ಗ್ಯಾಂಗಿನ ಮೇಸ್ತ್ರಿ ಈರಪ್ಪ ಗೂಟ ನೋಡಿ ಬೆವತುಬಿಟ್ಟ.

"ಇದೊಂದ ಅಲ್ರಿ ಸಾಹೇಬ್ರ, ಬರ್ರಿ." ಹಿಂದಿನ ಎರಡು ಅಮಾವಾಸ್ಯೆಗಳಂದು ಕೆಲಸ ಮಾಡಿದ ಜಾಗ ತೋರಿಸಿದ. ಎರಡೂ ಕಡೆ ಅಷ್ಟೇ ಅಗಲದ ಗೂಟದ ಕುಳಿ. "ನಾವು ಎಲ್ಲಿ ಕಂಬ ಹತ್ತತೀವೋ ಅಲ್ಲೇ ಬರ್ತಾನ್ರಿ. ಯಾರೋ ನಮ್ಮ ಬೆನ್ನ ಹತ್ಯಾರ. ಹುಡುಗ್ರು ಇನ್ನ ಕಂಬ ಹತ್ತಂಗಿಲ್ಲ ಅಂತಾರ."

"ಪ್ರತಿ ಸಲ ಅಮಾಸಿ ದಿನಾನ ಯಾಕ್ರಿ?" ಎಂದ ಮುತ್ತಪ್ಪ, ದನಿ ತಗ್ಗಿಸಿ. "ಇದು ಭಾನಾಮತಿ ಕೆಲಸಾರಿ."

ಜೂನ್ 24, ಭಾನುವಾರ, ಮಣ್ಣೆತ್ತಿನ ಅಮಾವಾಸ್ಯೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಲೈನಿನ ಕೆಳಗೆ ಜಾಲಿಯ ಮರೆಯಲ್ಲಿ ಕೂತರು. ಯಾರೂ ಸುಳಿಯಲಿಲ್ಲ.

"ಮನ್ಯಾಗ ಮಣ್ಣೆತ್ತಿಗೆ ಹೋಳಿಗಿ ಎಡಿ ಹಿಡ್ಯಾಕತ್ತಾರ. ನಾ ಇಲ್ಲಿ ಕಂಬದ ಪೂಜಾರಿ ಆಗೇನಿ," ಎಂದು ಮುತ್ತಪ್ಪ ಗೊಣಗಿದ.

ಜೂನ್ 26, ಮಂಗಳವಾರ, ಹತ್ತೂ ನಲವತ್ತೈದು. ಗ್ಯಾಂಗಿನ ಆಳೊಬ್ಬ ಸೈಕಲ್ ಮೇಲೆ ಧಾವಿಸಿ ಬಂದ. ಎಂಬತ್ತೊಂದನೆಯ ಕಂಬದ ಹತ್ತಿರ ಮತ್ತೆ ಸರಪಳಿ!

"ಇವತ್ತ್ಯಾಕ ಕೆಲಸ ಇಟ್ಟೀರಿ?" ಸಂಗಯ್ಯ ಈರಪ್ಪನನ್ನು ಕೇಳಿದ.

"ಅಮಾಸಿಗೆ ಇಳಕಲ್ ನೇಕಾರರು ಮಗ್ಗಕ್ಕ ಕೂಡಂಗಿಲ್ಲರಿ. ಅದಕ್ಕ ಲೈನು ಬಂದ್ ಮಾಡೋದು ಯಾವತ್ತೂ ಅಮಾಸಿಗೇ. ಈ ಸಲ ತಂತಿ ಲಾರಿ ತಡಾ ಆತು, ಮಂಗಳವಾರಕ್ಕ ಹೋತು."

ಸಂಗಯ್ಯ ಮುತ್ತಪ್ಪನ ಕಡೆ ತಿರುಗಿದ. "ಭಾನಾಮತಿ ಪಂಚಾಂಗ ನೋಡ್ತದೋ ಮಾರಾಯ. ಇವರು ಕೆಲಸದ ಪಟ್ಟಿ ನೋಡ್ಯಾರ."

ಪಟ್ಟಿಯನ್ನು ತರಿಸಿದ. ಅದರ ಜೊತೆಗೆ ನಿಯಮಗಳ ಹಾಳೆಯಿತ್ತು. ತಪ್ಪಿ ಕರೆಂಟು ಹರಿದರೂ ನೆಲಕ್ಕಿಳಿದು ಹೋಗುವಂತೆ, ಕೆಲಸದ ಜಾಗದ ಎರಡೂ ಕಡೆ ತಂತಿಯನ್ನು ಸರಪಳಿಯಿಂದ ನೆಲಕ್ಕೆ ಜೋಡಿಸಬೇಕು. ಮೇಸ್ತ್ರಿಯ ಸಹಿ ಮಾಡಿದ ಚೀಟಿ ಕೈಗೆ ಬರದೆ ಲೈನು ಚಾಲೂ ಮಾಡಬಾರದು. ಸಂಗಯ್ಯ ಗ್ಯಾಂಗಿನ ಪೆಟ್ಟಿಗೆ ತೆರೆಸಿದ. ಒಂದೇ ಸರಪಳಿ.

"ಇನ್ನೊಂದು?"

"ಬೇಕಂತ ಬರದುಕೊಟ್ಟು ಮೂರು ವರ್ಷಾತ್ರಿ."

"ಇದನ್ನ ಯಾವ ಕಡೆ ಹಾಕ್ತೀರಿ?"

"ಇಳಕಲ್ ಕಡೆ. ಈ ಕಡೆ ಕೇಂದ್ರದಾಗ ಚಾಂದಸಾಬ ಇರ್ತಿದ್ನಲ್ರಿ. ಅವನ ಮ್ಯಾಲೆ ನಂಬಿಗಿ."

ಸಂಗಯ್ಯ ನಕ್ಷೆಯ ಮೇಲೆ ಬೆರಳಾಡಿಸಿದ. ನಾಲ್ಕೂ ಸಲ ಗೂಟ ಬಿದ್ದದ್ದು ಕೇಂದ್ರದ ಕಡೆಗೇ. ಗ್ಯಾಂಗು ಸರಪಳಿಯಿಲ್ಲದೆ ಬಿಟ್ಟ ಕಡೆಗೆ.

ಅವನು ಕೇಂದ್ರದ ದಾಖಲೆ ಪುಸ್ತಕ ತೆಗೆಸಿದ. ಮೇ 25ರಂದು ಸ್ವಿಚ್ಚು ಸಿಡಿದದ್ದು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ. ಈರಪ್ಪನ ಡೈರಿಯಲ್ಲಿ ಆಳುಗಳು ಕಂಬ ಇಳಿದದ್ದು ಮಧ್ಯಾಹ್ನ ಒಂದೂ ಐದಕ್ಕೆ. ಶಾಖಾಧಿಕಾರಿಯ ದೂರಿನಲ್ಲಿ ವೇಳೆಯೇ ಇರಲಿಲ್ಲ.

ಚಾಂದಸಾಬ ಮನೆಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ.

"ಚೀಟಿ ಬಂದಿತ್ತೇನು?"

"ಇಲ್ರಿ. ಕೆಲಸ ಮುಗದದ, ಚಾಲೂ ಮಾಡು ಅಂತ ಶಾಖಾಧಿಕಾರಿ ಸಾಹೇಬ್ರು ಫೋನ್ ಮಾಡಿದ್ರು."

"ಕಂಬದ ಮ್ಯಾಲೆ ನಾಲ್ಕು ಮಂದಿ ಇದ್ರು."

ಚಾಂದಸಾಬ ಕೈ ನೋಡಿಕೊಂಡ. "ಆ ಸರಪಳಿ ಇರಲಿಲ್ಲಂದ್ರ ನಾಲ್ಕೂ ಮಂದಿ ಕಂಬದ ಮ್ಯಾಲೇ ಸಾಯ್ತಿದ್ರು."

ಸಂಗಯ್ಯ ಮತ್ತೆ ಈರಪ್ಪನಲ್ಲಿಗೆ ಬಂದ. "ನಾಳೆ ಯಾವ ಕಂಬ ಅಂತ ಯಾರ್ಯಾರಿಗೆ ಗೊತ್ತಿರ್ತದ?"

"ನನಗ, ಶಾಖಾಧಿಕಾರಿ ಸಾಹೇಬ್ರಿಗೆ, ಕೇಂದ್ರದ ಆಪರೇಟರಗ. ಮೂರ ಮಂದಿ."

"ಬಿಸಲಾಗ ನಿಮಗ ನೀರು ಯಾರು ತರ್ತಾರ?"

"ಕಚೇರಿಗೆ ನೀರು ತುಂಬೋ ಲಕ್ಕವ್ವರಿ. ನಮ್ಮ ರಾಮಲಿಂಗಪ್ಪನ ಹೇಣ್ತಿ. ಮೂರು ವರ್ಷದ ಹಿಂದ ಕಂಬದ ಮ್ಯಾಲೆ ಸತ್ತನಲ್ರಿ, ಅವನ."

ಠಾಣೆಯ ಹಳೇ ಕಪಾಟಿನಲ್ಲಿ 1976ರ ಕಡತ ಸಿಕ್ಕಿತು. ಲೈನ್‌ಮನ್ ರಾಮಲಿಂಗಪ್ಪ, ವಯಸ್ಸು ಮೂವತ್ತೊಂದು, ಕಂಬದ ಮೇಲಿದ್ದಾಗಲೇ ಲೈನು ಚಾಲೂ ಆಗಿ ಸಾವು. ಕೊನೆಯ ಸಾಲು: ಸತ್ತವನದೇ ಅಜಾಗರೂಕತೆ, ಕಡತ ಮುಕ್ತಾಯ.

ಜೂನ್ 28, ಬೆಳಿಗ್ಗೆ ಏಳೂವರೆ. ಲಕ್ಕವ್ವನ ಹಿತ್ತಲ ಬಾವಿಗೆ ಹೊಸ ಹಗ್ಗವಿತ್ತು. ಗಾಲಿಯಲ್ಲಿ ಮಾತ್ರ ಸರಪಳಿ ಸವೆಸಿದ ಗುರುತು.

"ಸರಪಳಿ ಎಲ್ಲಿ, ಲಕ್ಕವ್ವ?"

"ಎರಡು ತುಂಡು ಮಾಡಿದ್ನಿರಿ. ಎರಡೂ ನಿಮ್ಮ ಠಾಣ್ಯಾಗ ಅದಾವ."

"ತಂತ್ಯಾಗ ಕರೆಂಟ್ ಇದ್ದಿದ್ರ ಸತ್ತಹೋಗ್ತಿದ್ದಿ."

"ಈ ಲೈನಿನ ಹಿಟ್ಟಿನ ಗಿರಣಿ ನಿಂತ ಮ್ಯಾಲೇ ಎಸೀತಿದ್ನಿ. ಅವರು ಇಳದ ಮ್ಯಾಲೆ ಎಳಕೊಂಡು ಒಯ್ತಿದ್ನಿ. ಆವತ್ತ ಅಂಟಿಬಿಡ್ತು."

"ಬಾಯಿಬಿಟ್ಟು ಹೇಳಬೇಕಿತ್ತು."

"ಮೂರು ವರ್ಷ ಕಚೇರ್ಯಾಗ ಹೇಳೇನ್ರಿ. ನೀ ಕೊಡಾ ಹೊರು ಅಂದ್ರು." ಸ್ವಲ್ಪ ತಡೆದು ಕೇಳಿದಳು, "ಚಾಂದಸಾಬಣ್ಣನ ಕೈ ಹೆಂಗದರಿ?"

"ಎರಡು ಬೆರಳು ಹೋದವು."

ಲಕ್ಕವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಅಲ್ಲಿಯವರೆಗೆ ಅತ್ತಿರಲಿಲ್ಲ. ಎಂಟು ಗಂಟೆಗೆ ಬಂಧನ ದಾಖಲಾಯಿತು. ನೆರೆಮನೆಯ ಹಜರತಬಿ ಠಾಣೆಯವರೆಗೂ ಅವಳ ಜೊತೆಗೆ ನಡೆದಳು. ಸಂಗಯ್ಯ ಶಾಖಾಧಿಕಾರಿಯ ಮೇಲೆ ಬೇರೆ ವರದಿ ಬರೆದು ಮೇಲಕ್ಕೆ ಕಳಿಸಿದ. ಅದಕ್ಕೆ ಉತ್ತರ ಬರಲಿಲ್ಲ.

ಜುಲೈ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಈರಪ್ಪ ಠಾಣೆಯ ಬಾಗಿಲಲ್ಲಿ ನಿಂತಿದ್ದ.

"ಹೊಸಾದು ಇನ್ನಾ ಬಂದಿಲ್ಲರಿ. ಆ ಸರಪಳಿ ಇದೊಂದಿನ ಕೊಡ್ರಿ."

"ಅದು ಮುದ್ದೆಮಾಲು, ಈರಪ್ಪ. ಕೋರ್ಟಿನ ಸ್ವತ್ತು. ಕೊಡಾಕ ಬರಂಗಿಲ್ಲ."

ಈರಪ್ಪ ತಲೆಯಾಡಿಸಿ ಹೋದ. ಒಂಬತ್ತೂ ಹತ್ತಕ್ಕೆ ಠಾಣೆಯ ಫ್ಯಾನು ನಿಂತಿತು. ಠಾಣೆಗೂ ಅದೇ ಲೈನು. ಮುತ್ತಪ್ಪ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, "ಈ ಕರೆಂಟು ಯಾವಾಗ ಬರ್ತದೋ," ಎಂದ.

"ಸುಮ್ನಿರಲೇ. ಹುಡುಗ್ರು ಇನ್ನ ಕಂಬದ ಮ್ಯಾಲದಾರ," ಎಂದ ಸಂಗಯ್ಯ.

ಹನ್ನೊಂದು ಹೊಡೆಯಿತು. ಹನ್ನೊಂದೂ ಇಪ್ಪತ್ತಾಯಿತು. ಮುದ್ದೆಮಾಲಿನ ಕಪಾಟಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಸಂಗಯ್ಯ ನಿಂತ ಫ್ಯಾನಿನ ರೆಕ್ಕೆಗಳನ್ನೇ ನೋಡುತ್ತ ಕೂತಿದ್ದ.