ಗಡಿ ಗೇಟಿನ ಹುರಿಹಿಟ್ಟು

“ಚೀಲ ಬಿಚ್ಚಿ.”

ಅತ್ತಿಬೆಲೆಯ ಗಡಿ ಗೇಟಿನಲ್ಲಿ ಆ ಗುಮಾಸ್ತ ಆಡಿದ್ದು ಎರಡೇ ಮಾತು. ಮುನಿರತ್ನಳಿಗೆ ಅಷ್ಟು ಸಾಕಾಯಿತು. ಮೂಗಿನ ತುದಿಯಲ್ಲೇ ಇರುತ್ತಿದ್ದ ಕೋಪ ನೆತ್ತಿಗೇರಿತು.

ಅವಳ ಹಿಂದೆ ಐದು ಸೈಕಲ್ಲುಗಳು ನಿಂತಿದ್ದವು. ಹೊಸಕೋಟೆಯ ಹೆಡ್‌ಮಾಸ್ಟರು ವೆಂಕಟರಮಣಪ್ಪ, ಅವರ ಮಗಳು ನರಸಮ್ಮ, ಮತ್ತೆ ಮೂವರು ಮೇಷ್ಟ್ರುಗಳು. ದಸರಾ ರಜೆಯಲ್ಲಿ ಹೊಗೇನಕಲ್ ಜಲಪಾತ ನೋಡಲು ಹೊರಟವರು. ಗೇಟಿನ ಈಚೆ ಮೈಸೂರು ಸಂಸ್ಥಾನ, ಆಚೆ ಮದ್ರಾಸು ಪ್ರಾಂತ್ಯ.

ಮುನಿರತ್ನ ಹೆಣ್ಣುಮಕ್ಕಳ ಸ್ಕೂಲಿನ ಟೀಚರು. ಕಚ್ಚೆ ಹಾಕಿ ಸೈಕಲ್ ಏರಿದರೆ ಊರೇ ಬೆರಗಾಗಿ ನೋಡುತ್ತಿತ್ತು, ಅವಳು ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಸೂಲಿಬೆಲೆಯ ಮನೆಯಲ್ಲಿ ಅಣ್ಣ ಅಪ್ಪಯ್ಯಣ್ಣ ಕಡ್ಡಿ ಮುರಿದಂತೆ ಹೇಳಿದ್ದ. “ಗಡಿ ದಾಟಿದ್ಯೋ, ಸೈಕಲ್ಲಿಗೂ ಬೀಗ, ಸ್ಕೂಲಿಗೂ ಬೀಗ. ನಲ್ಲೂರಿನ ಹುಡುಗನಿಗೆ ಕೊಟ್ಟು ಕೈ ತೊಳ್ಕೊಂತೀನಿ.”

ನಲ್ಲೂರಿನ ಹುಡುಗ! ಅವನ ಮುಖ ಕಂಡಿರಲಿಲ್ಲ, ಹೆಸರನ್ನೂ ಕೇಳಿರಲಿಲ್ಲ. ಅಣ್ಣ ಆರಿಸಿದವನು ಅಂದಮೇಲೆ ಅವನ ಕೈಯಲ್ಲೂ ಒಂದು ಬೀಗ ಇದ್ದೇ ಇರುತ್ತದೆ ಎಂದು ತೀರ್ಮಾನಿಸಿಬಿಟ್ಟಿದ್ದಳು.

ಈಗ ನೋಡಿದರೆ ಗೇಟಿನಲ್ಲಿ ಇನ್ನೊಬ್ಬ.

ಚೀಲದಲ್ಲಿದ್ದದ್ದು ಮೂರು ಸೇರು ರಾಗಿ ಹುರಿಹಿಟ್ಟು, ಎರಡು ಅಚ್ಚು ಬೆಲ್ಲ. ಆರು ಜನರ ದಾರಿಬುತ್ತಿ.

“ರಾಗಿ ಗಡಿ ದಾಟಂಗಿಲ್ಲಮ್ಮ. ಪರ್ಮಿಟ್ ಬೇಕು,” ಎಂದ ಗುಮಾಸ್ತ. ಯುದ್ಧ ಮುಗಿದು ವರ್ಷವಾದರೂ ರೇಷನ್ ಮುಗಿದಿರಲಿಲ್ಲ.

“ಇದು ರಾಗಿಯಲ್ಲ ಸ್ವಾಮಿ, ಹುರಿಹಿಟ್ಟು.”

“ಹುರಿದ್ರೂ ರಾಗೀನೇ.” ಅವನು ರಿಜಿಸ್ಟರ್ ತೆರೆದ. “ಹೆಸರು?”

“ಮುನಿರತ್ನಮ್ಮ. ಸೂಲಿಬೆಲೆ.”

ಅವನ ಪೆನ್ನು ನಿಂತಿತು. ತಲೆಯೆತ್ತಿ ಅವಳನ್ನು ನೋಡಿದ. ಕೈ ಅಂಗಿಯ ಜೇಬಿನತ್ತ ಹೋಯಿತು... ಹಾಗೇ ಹಿಂದಕ್ಕೆ ಬಂತು.

'ಹೆಂಗಸು ಸೈಕಲ್ ಹತ್ತಿದ್ದು ಇವನ ಕಣ್ಣಿಗೂ ಚುಚ್ತಿದೆ,' ಅಂದುಕೊಂಡಳು ಮುನಿರತ್ನ.

“ಚೀಲದಲ್ಲಿದ್ರೆ ದಾಟಂಗಿಲ್ಲ. ಹೊಟ್ಟೆಯಲ್ಲಿದ್ರೆ?” ಎಂದು ಕೇಳಿದಳು.

ಗುಮಾಸ್ತ ತಬ್ಬಿಬ್ಬಾದ. “ಹೊಟ್ಟೆಗೆ ಕಾನೂನಿಲ್ಲ.”

ಅಷ್ಟೇ ತಡ. ಗೇಟಿನ ಪಕ್ಕದ ಹುಣಸೆಮರದಡಿ ನರಸಮ್ಮ ಬೆಲ್ಲ ಕುಟ್ಟಿದಳು, ಮುನಿರತ್ನ ನೀರು ಹಾಕಿ ಹಿಟ್ಟು ಕಲಸಿದಳು. ಹೆಡ್‌ಮಾಸ್ಟರು ಮೂರನೇ ಉಂಡೆಗೆ ಕೈಮುಗಿದರು. ಗೇಟಿನಲ್ಲಿ ಕಾಯುತ್ತಿದ್ದ ಗಾಡಿಯವರನ್ನೂ ಕೂಗಿ ಕೂರಿಸಿದಳು. ಅರ್ಧ ಗಂಟೆಯಲ್ಲಿ ಚೀಲ ಬರಿದಾಯಿತು.

ಕೊನೆಯ ಉಂಡೆಯನ್ನು ಗುಮಾಸ್ತನ ಮೇಜಿನ ಮೇಲಿಟ್ಟಳು. “ತಗೊಳ್ಳಿ. ಜಫ್ತಿ ಮಾಡಿದ್ದು.”

ಅವನು ಅಲ್ಲೇ ಅದನ್ನು ತಿಂದ. ಆಮೇಲೆ ತಾನೇ ಎದ್ದು ಗೇಟು ಎತ್ತಿದ. “ಹೊಗೇನಕಲ್‌ನಲ್ಲಿ ಬಂಡೆ ಮೇಲೆ ಪಾಚಿ ಇರತ್ತೆ. ಹುಷಾರು,” ಎಂದ ಮೆಲ್ಲಗೆ.

ಜಲಪಾತದೆದುರು ನಿಂತಾಗ ಆ ಮಾತೇ ನೆನಪಾಯಿತು. ಹನಿಗಳು ಮುಖಕ್ಕೆ ಎರಚುತ್ತಿದ್ದವು, ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅವಳು ಮನದಣಿಯೆ ಕೂಗಿಕೊಂಡಳು... ಬೀಗ ಹಾಕೋರು ಹಾಕಲಿ, ನಾನು ನೋಡಿಬಿಟ್ಟೆ! ಜನ್ಮದಲ್ಲಿ ಅಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ. ಆ ಖುಷಿಯ ನಡುವೆ ಗೇಟಿನವನ ಮುಖ ಯಾಕೆ ಸುಳಿಯುತ್ತಿದೆ ಎಂದು ತನ್ನ ಮೇಲೇ ಸಿಟ್ಟಾದಳು.

ಆರನೇ ದಿನ ಮಧ್ಯಾಹ್ನ ತಂಡ ಗಡಿಗೆ ಮರಳಿತು. ಗುಮಾಸ್ತ ಹುಣಸೆಮರದಡಿಯೇ ಕಾಯುತ್ತಿದ್ದ. ಜೇಬಿನಿಂದ ಒಂದು ಕಾಗದ ತೆಗೆದು ಮುನಿರತ್ನಳ ಕೈಗಿತ್ತ.

ಅಣ್ಣನ ಅಕ್ಷರ.

'ಚಿರಂಜೀವಿ ರಾಮಾಂಜಿನಪ್ಪನಿಗೆ ಆಶೀರ್ವಾದ. ನಮ್ಮ ಮುನಿರತ್ನ ಶನಿವಾರ ನಿನ್ನ ಗೇಟಿಗೆ ಬರುತ್ತಾಳೆ. ತಡೆದು ವಾಪಸ್ಸು ಕಳಿಸು. ಹೇಗಿದ್ದರೂ ಮುಂದೆ ಅವಳನ್ನು ಅಂಕೆಯಲ್ಲಿಡಬೇಕಾದವನು ನೀನೇ.'

ಅವಳು ಕಾಗದದಿಂದ ತಲೆಯೆತ್ತಿದಳು. “ನಲ್ಲೂರಿನೋರು... ನೀವೇನಾ?”

“ಹೂಂ.”

“ಆವತ್ತೇ ಗೊತ್ತಿತ್ತು ನಿಮ್ಗೆ. ಸುಮ್ನೆ ಕೂತು ತಮಾಷೆ ನೋಡಿದ್ರಾ?”

“ಗೊತ್ತಿತ್ತು. ಹೇಳಕ್ಕೆ ಬಾಯಿ ಬರಲಿಲ್ಲ.”

“ಮತ್ತೆ ಯಾಕೆ ತಡೀಲಿಲ್ಲ?”

“ನನಗೆ ಸರ್ಕಾರ ಕೊಟ್ಟಿರೋದು ರಾಗಿ ತಡೆಯೋ ಅಧಿಕಾರ,” ಎಂದ ರಾಮಾಂಜಿನಪ್ಪ. “ನಿಮ್ಮನ್ನ ತಡೆಯೋ ಅಧಿಕಾರ ಯಾರೂ ಕೊಟ್ಟಿಲ್ಲ. ನಿಮ್ಮಣ್ಣನೂ ಕೊಡೋಕಾಗಲ್ಲ. ಮೊನ್ನೆ ಇಲ್ಲಿಗೇ ಬಂದಿದ್ರು. ಗೇಟು ನಾನೇ ಎತ್ತಿದೆ ಅಂದೆ.”

“ಏನಂದ್ರು?”

“ಹೆಂಗಸನ್ನ ತಡೆಯಕ್ಕಾಗದ ಗಂಡು ನಮ್ಮನೆಗೆ ಬೇಡ ಅಂದ್ರು. ಸಂಬಂಧ ಮುರ್ಕೊಂಡು ಹೋದ್ರು.” ಅವನ ದನಿ ತಗ್ಗಿತು. “ಅದಕ್ಕೇ ಹೇಳೋ ಹಕ್ಕು ನನಗಿಲ್ಲ. ಆದ್ರೂ ಹೇಳ್ತೀನಿ. ಆವತ್ತು ನೀವು ಮೇಜಿನ ಮೇಲೆ ಉಂಡೆ ಇಟ್ರಲ್ಲ... ಆಗಿಂದ ನನ್ ಮನಸ್ಸು ನನ್ ಮಾತು ಕೇಳ್ತಿಲ್ಲ.”

ಮುನಿರತ್ನ ಕಾಗದವನ್ನು ಮಡಿಚಿದಳು. ಅಣ್ಣ ಬೇಕು ಅಂದಾಗ ಬೇಡವೆಂದಿದ್ದಳು. ಈಗ ಅಣ್ಣ ಬೇಡ ಅಂದಿದ್ದಾನೆ. ಬರೀ ಹಟಕ್ಕೆ ಬೇಕೆನ್ನುತ್ತಿದ್ದೇನೆಯೇ ಎಂದು ಒಂದು ಕ್ಷಣ ತನ್ನನ್ನೇ ಕೇಳಿಕೊಂಡಳು. ಎದೆ ಬೇರೆಯದೇ ಉತ್ತರ ಹೇಳಿತು.

“ಅಣ್ಣನಿಗೆ ಬೇಡವಾದ್ರೆ ಬೇಡ. ನನಗೆ ಬೇಕು.”

“ನಿಮ್ಮಣ್ಣ ಒಪ್ಪಲ್ಲ.”

“ಒಪ್ಪೋವರೆಗೂ ದಿನಾ ಕೇಳ್ತೀನಿ. ಸ್ಕೂಲ್ ಬಿಡಲ್ಲ, ಸೈಕಲ್ಲೂ ಬಿಡಲ್ಲ. ನಿಮ್ಗೆ ಸೈಕಲ್ ಬರತ್ತಾ?”

“ಇಲ್ಲ,” ಎಂದ ಅವನು, ನಾಚಿಕೆಯಿಂದ ಕೆಂಪಾಗಿ. “ಬಿದ್ರೆ ನಗ್ತೀರಿ.”

“ನಗ್ತೀನಿ.”

“ಹಿಂದೆ ಸೀಟು ಹಿಡ್ಕೊಂತೀರಾ?”

ಮುನಿರತ್ನ ತನ್ನ ಸೈಕಲ್ಲನ್ನು ಅವನತ್ತ ತಿರುಗಿಸಿದಳು. “ಹತ್ತಿ. ಹಿಡ್ಕೊಂಡಿದೀನಿ.”