ತುಂಡು ತುಂಡಾಗಿ ಬಂದ ಉತ್ತರ

ಇದು ನಮ್ಮ ಸೋದರಮಾವ ಹೊನ್ನೂರಪ್ಪನಿಗೆ ತೊಂಬತ್ತೇಳನೇ ಇಸವಿಯಲ್ಲಿ, ಹಾಡಹಗಲೇ ಆದದ್ದು. ಸಿಂಧನೂರಿನ ಒಂದು ಬೀಜದ ಕಂಪನಿಯಲ್ಲಿ ಅವನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಲಿಂಗಸುಗೂರಿನ ಗೋದಾಮಿನ ಕಂಪ್ಯೂಟರಿಗೆ ಫೋನಿನ ತಂತಿಯಲ್ಲೇ ದಾಸ್ತಾನಿನ ವಿವರ ಕೇಳಿಬಿಟ್ಟು, ಉತ್ತರ ಬರುವವರೆಗೆ ಬೇರೆ ಕೆಲಸ ಮಾಡಿಕೊಳ್ಳಬಹುದಿತ್ತು. ಚಿಕ್ಕ ಉತ್ತರ ಸರಿಯಾಗಿ ಬರುತ್ತಿತ್ತು. ದೊಡ್ಡದು ನಡುವೆಯೇ ಕಡಿದುಹೋಗುತ್ತಿತ್ತು.

ಎಲ್ಲಿ ಕಡಿಯುತ್ತದೆಂದು ತಿಳಿಯಲು ಅವನು ಕಂಪ್ಯೂಟರನ್ನು ಫೋನಿನ ತಂತಿಗೆ ಜೋಡಿಸುವ ಮೋಡೆಮ್ಮಿನ ಸ್ಪೀಕರ್ ಜೋರು ಮಾಡಿದ. ಕರಕರ ಸದ್ದಿನ ಅಡಿಯಲ್ಲಿ ಯಾರನ್ನೋ ಬಡಿಯುವ ಸಪ್ಪಳ ಕೇಳಿಸಿತು. ಗಾಬರಿಯಾಗಿ ಇನ್ನೊಂದು ಫೋನಿನಿಂದ ಗೋದಾಮಿನ ಕಂಪ್ಯೂಟರ್ ನೋಡಿಕೊಳ್ಳುವ ಗಿರಿಯಮ್ಮನಿಗೆ ಫೋನ್ ಹಚ್ಚಿದ.

“ಅಕ್ಕಾ, ಅಲ್ಲಿ ಯಾರನ್ನರ ಹೊಡ್ಯಾಕತ್ತಾರೇನ್ರೀ?”

“ಇಲ್ಲಪಾ, ನಾ ಒಬ್ಬಾಕೀನೇ ಅದೀನಿ. ಉತ್ತರ ಭಾಳ ದೊಡ್ಡದೈತಿ, ತುಂಡು ತುಂಡು ಮಾಡಿ ಕೇಳು.”

ಹಾಗೆಯೇ ಕೇಳಿದ. ಮೊದಲ ತುಂಡು ಪೂರ್ತಿ ಬಂತು, ಅದರ ಜೊತೆ ಒಂದೇ ಒಂದು ಹೊಡೆತದ ಸದ್ದೂ ಬಂತು. ಎರಡನೆಯದರಲ್ಲಿ ಎಲುಬು ಲಟಕ್ಕನೆ ಮುರಿದ ಸದ್ದು ಕೇಳಿಸಿತು. ಮೂರನೆಯದರಲ್ಲಿ ಮಾತು ಸ್ಪಷ್ಟವಾಯಿತು: “ಬಿಡಬ್ಯಾಡ್ರಲೇ ಹೊನ್ನೂರನ್ನ!”

ತಂತಿ ಕೀಳಲು ಎದ್ದವನ ಭುಜಕ್ಕೆ ಹಿಂದಿನಿಂದ ಏಟು ಬಿತ್ತು. ನೆಲಕ್ಕುರುಳಿದ ಮೇಲೂ ಏಟುಗಳು ನಿಲ್ಲಲಿಲ್ಲ; ತಂತಿಯಲ್ಲಿ ಕೇಳಿದ್ದ ಅದೇ ಸಪ್ಪಳ. ಬಾಯಿ ತುಂಬ ರಕ್ತ ಬಂತು, ಕೋಣೆಯಲ್ಲಿ ಮಾತ್ರ ಯಾರೂ ಕಾಣಲಿಲ್ಲ. ಚೀರಾಟ ಕೇಳಿ ಓಡಿ ಬಂದ ವಾಚ್‌ಮನ್ ಬಸ್ಸಪ್ಪ ಅವನನ್ನು ಹೊರಗೆ ಎಳೆದು ಹಾಕಿದ. “ಒಳಗ ಯಾರೂ ಇಲ್ಲೋ ತಮ್ಮಾ,” ಎಂದು ಬಾಗಿಲು ಎಳೆದು ಚಿಲಕ ಹಾಕಿದ.

ಏಟು ಬಿದ್ದ ಕಡೆಯ ಮಾವನ ತೋಳು ಮತ್ತೆ ಮೇಲೇಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಭುಜದೊಳಗಿಂದ ಎಳೆದು ತೆಗೆದದ್ದು ಜಾಲಿಕಟ್ಟಿಗೆಯ ಸೀಳು. ಅದು ಆಗಷ್ಟೇ ಗಿಡದಿಂದ ಕಡಿದಂತೆ ಹಸಿಯಾಗಿತ್ತು.