ಕೂದಲು ಸುತ್ತಿದ ಪರದೆ

“ಅದನ್ನ ಎಲ್ಲಿತ್ತೋ ಅಲ್ಲೇ ಇಟ್ಟುಬಿಡಪ್ಪ.”

ಟೀಚರಮ್ಮ ಮೆಟ್ಟಿಲ ಬಳಿ ಕೈಚಾಚಿ ನಿಂತಿದ್ದರು. ಪಾಠ ಹೇಳುವ ಕೆಲಸದಿಂದ ನಿವೃತ್ತರಾಗಿ, ಕಟ್ಟಡದ ಕೊನೆಯ ಮಹಡಿಯಲ್ಲಿ ಮಗನೊಡನೆ ಇದ್ದ ಹೆಂಗಸು. ಲಿಫ್ಟ್ ನೋಡಿಕೊಳ್ಳಲು ಆ ವಾರವಷ್ಟೇ ಬಂದಿದ್ದ ಹೊಸ ಮೆಕ್ಯಾನಿಕ್ ಮೇಲಿನ ಮೋಟರು ಕೋಣೆಯಿಂದ ಇಳಿಯುತ್ತಿದ್ದ. ಅವನ ಕೈಯಲ್ಲಿ ಒಂದು ಹಳೆಯ ವಿಡಿಯೋ ಗೇಮ್ ಇತ್ತು. ಅಂಗೈಯಲ್ಲಿ ಹಿಡಿದು ಆಡುವಂಥದು. ಮೋಟರಿನ ಹಿಂದೆ, ಗ್ರೀಸು ಧೂಳುಗಳ ನಡುವೆ, ಯಾರೋ ಅದನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದರು.

“ನಿಮ್ಮದಾ ಅಮ್ಮಾ?”

“ಈಗ ಯಾರದೂ ಅಲ್ಲ. ಅದರಲ್ಲಿ ಮಾಟ ಕಟ್ಟಿಟ್ಟಿದೆ.”

ಅವನು ನಕ್ಕ. “ಮಾಟ ಅಲ್ಲಮ್ಮಾ, ಬ್ಯಾಟರಿ ಸೋರಿರುತ್ತೆ. ಇಂಥವು ನಮ್ಮನೇಲಿ ಹತ್ತೊಂಬತ್ತಿವೆ. ಇದಕ್ಕೂ ಜಾಗ ಇದೆ ಬಿಡಿ.”

ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿಯೇಬಿಟ್ಟ. ಬಾಗಿಲು ಮುಚ್ಚಿಕೊಳ್ಳುವಾಗ ಆಕೆಯ ದನಿ ಸಂದಿಯಿಂದ ತೂರಿ ಬಂತು. “ಪರದೆ ಸರಿಮಾಡಬೇಡ. ಕುರುಡಾಗೇ ಇರಲಿ ಅದು.”

ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ಅಕ್ಕ ಕೋಟುಗಳ ಗುಂಡಿ ತೂರುವ ಕಾಜಗಳನ್ನು ಕೈಯಿಂದ ಹೊಲಿದು ಅವನನ್ನು ಸಾಕಿದ್ದಳು. ಅಷ್ಟು ಸಣ್ಣ ಹೊಲಿಗೆಯನ್ನು ಯಂತ್ರವೂ ಹಾಕದು ಎಂದು ದರ್ಜಿಗಳೇ ಹೇಳುತ್ತಿದ್ದರು. ದೇವರು ಅವಳಿಗೆ ಕೊಟ್ಟಿದ್ದ ಆಸ್ತಿಯೆಂದರೆ ಆ ಎರಡು ಕಣ್ಣು.

“ಬಂದೆಯಾ ಸ್ಕ್ರೂ? ಇವತ್ತು ಯಾವ ಹೆಣ ಹೊತ್ತುಕೊಂಡು ಬಂದೆ?” ಎಂದಳು ಅಕ್ಕ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದುದರಿಂದ ಚಿಕ್ಕಂದಿನಿಂದಲೂ ಅವನಿಗೆ ಅವಳಿಟ್ಟ ಹೆಸರು ಅದು.

“ಹೆಣ ಅಲ್ಲ ಅಕ್ಕಾ. ಉಸಿರಿದೆ, ಕಣ್ಣು ಮಾತ್ರ ಹೋಗಿದೆ.”

ಕೆಟ್ಟ ಗೇಮುಗಳನ್ನು ತಂದು, ಸವೆದ ಬಟನ್ ಬದಲಿಸಿ, ಹೊಸ ಚಿಪ್ಪು ತೊಡಿಸಿ ಬದುಕಿಸುವುದು ಅವನ ಹುಚ್ಚು. ಆ ಸಂಜೆಯೇ ಸ್ಕ್ರೂಗಳನ್ನು ಬಿಚ್ಚಿದ. ಒಳಗಿನಿಂದ ಸುಟ್ಟ ಕೂದಲಿನ ವಾಸನೆ ಬಂತು. ಪರದೆಯ ಅಂಚಿನ ತೆಳುವಾದ ಪಟ್ಟಿಗೆ ಹೆಂಗಸಿನ ಉದ್ದ ಕೂದಲನ್ನು ಸುತ್ತಿ ಏಳು ಗಂಟು ಹಾಕಿದ್ದರು. ಅವನು ಒಂದು ಕ್ಷಣ ನೋಡಿದ. ಕತ್ತರಿಯಿಂದ ಕತ್ತರಿಸಿ, ಊದಿಬಿಟ್ಟ.

ಇಂಥ ಹಳೆಯ ಪರದೆಗಳಿಗೆ ಒಂದು ಕಾಯಿಲೆ ಉಂಟು. ಆ ಪಟ್ಟಿಯ ಅಂಟು ಸಡಿಲಾದಂತೆ ಮೇಲಿನಿಂದ ಕೆಳಕ್ಕೆ ನಿಂತ ಗೆರೆಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಬೆಸುಗೆಯ ಬಿಸಿ ಕಡ್ಡಿಯನ್ನು ಪಟ್ಟಿಯ ಮೇಲೆ ಹಗುರವಾಗಿ ಎಳೆದರೆ ಸತ್ತ ಗೆರೆ ಮತ್ತೆ ಏಳುತ್ತದೆ. ಇದರಲ್ಲಿ ನೂರ ಅರವತ್ತು ಗೆರೆಗಳೂ ಸತ್ತಿದ್ದವು. ಅವನು ಉಸಿರು ಬಿಗಿಹಿಡಿದು ಕಡ್ಡಿ ಎಳೆದ. ರಾಳದ ಹೊಗೆ ಸಣ್ಣಗೆ ಎದ್ದಿತು. ಎಡತುದಿಯಲ್ಲಿ ನಾಲ್ಕು ಗೆರೆ ಜೀವ ಪಡೆದವು.

ಪಕ್ಕದ ಕೋಣೆಯಿಂದ ಅಕ್ಕ ಕೂಗಿದಳು. “ಲೋ, ನನ್ನ ಕಣ್ಣಲ್ಲಿ ದಾರ ಬಿದ್ದಿದೆಯಾ ನೋಡೋ.”

ಅವನು ಅವಳ ರೆಪ್ಪೆ ಬಿಡಿಸಿ ನೋಡಿದ. ಏನೂ ಇರಲಿಲ್ಲ.

ಮರುದಿನ ಇಪ್ಪತ್ತು ಗೆರೆ ಎದ್ದವು. ಅಕ್ಕ ಬಾಗಿಲಿನ ಎಡಗಂಬಕ್ಕೆ ಭುಜ ತಾಗಿಸಿಕೊಂಡಳು. ಅದರ ಮಾರನೆಯ ದಿನ ಅರ್ಧ ಪರದೆ ಬೆಳಗಿತು. ಅಕ್ಕ ತಟ್ಟೆಯ ಬಲಭಾಗದಲ್ಲಿದ್ದುದನ್ನಷ್ಟೇ ಉಂಡು ಎದ್ದಳು.

“ಇನ್ನರ್ಧ ಯಾರಿಗೆ?” ಎಂದ.

“ಎಲ್ಲಾ ತಿಂದೆನಲ್ಲೋ,” ಎಂದಳು ಅಕ್ಕ.

ನಾಳೆ ಭಾನುವಾರ, ಕಣ್ಣಿನ ಡಾಕ್ಟರ ಬಾಗಿಲು ಮುಚ್ಚಿರುತ್ತದೆ, ಸೋಮವಾರ ಕರೆದುಕೊಂಡು ಹೋದರಾಯಿತು ಎಂದುಕೊಂಡ. ಭಾನುವಾರ ಅವನಿಗೂ ರಜೆ. ಊಟವಾದ ಮೇಲೆ ಕಡ್ಡಿ ಕಾಯಿಸಿ ಕೂತ. ಗೆರೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಮುಗಿಸುವ ಆಸೆ ಕೈಯನ್ನು ಎಳೆಯುತ್ತಿತ್ತು. ಕೊನೆಯ ಗೆರೆ ಎದ್ದಿತು.

“ಕಿಟಕಿ ಯಾಕೋ ಮುಚ್ಚಿದೆ?” ಎಂದಳು ಅಕ್ಕ, ಒಳಗಿನಿಂದ.

ಕಿಟಕಿ ತೆರೆದೇ ಇತ್ತು. ನಡುಹಗಲಿನ ಬಿಸಿಲು ಅವನ ಮೇಜಿನ ತನಕ ಬಿದ್ದಿತ್ತು.

ಅವನು ಪರದೆಯತ್ತ ತಿರುಗಿದ. ಅದರಲ್ಲಿ ಆಟ ಇರಲಿಲ್ಲ. ಬೂದುಹಸಿರು ಚುಕ್ಕೆಗಳಲ್ಲಿ ಒಂದು ಕೋಟಿನ ಅಂಚು ಕಾಣುತ್ತಿತ್ತು. ಅರ್ಧ ಹೊಲಿದ ಕಾಜ. ಸೂಜಿ ಹಿಡಿದ ಎರಡು ಬೆರಳು. ಆ ಬೆರಳು ಅವನಿಗೆ ಗೊತ್ತು. ಬ್ಯಾಟರಿಗೆ ಕೈಹಾಕಿದ. ಬ್ಯಾಟರಿ ಮೇಜಿನ ಮೇಲಿತ್ತು. ಅಂದು ಹಾಕಿಯೇ ಇರಲಿಲ್ಲ.

ಓಡಿದ. ಅಕ್ಕ ಬಿಸಿಲಿನಲ್ಲೇ ಕೂತಿದ್ದಳು. ಸೂಜಿ ಬೆರಳಿಗೆ ಚುಚ್ಚಿ ಬಟ್ಟೆಯ ಮೇಲೆ ರಕ್ತ ಹನಿದಿತ್ತು. ಹೆಜ್ಜೆಯ ಸದ್ದಿಗೆ ಅವಳು ಮುಖ ಎತ್ತಿದಳು. ಅವನ ಕೈಯಲ್ಲಿದ್ದ ಪರದೆಯೊಳಗೆ ಬಾಗಿಲು ಕಂಡಿತು. ಬಾಗಿಲಲ್ಲಿ ಅವನೇ ನಿಂತಿದ್ದ.

“ಯಾರು?” ಎಂದಳು ಅಕ್ಕ.

ಅವನು ಮೇಜಿಗೆ ಹಿಂತಿರುಗಿ ಕಡ್ಡಿಯನ್ನು ಪಟ್ಟಿಗೆ ಒತ್ತಿದ. ಗೆರೆಗಳು ಆರಿದವು. ಕಡ್ಡಿ ತೆಗೆದ. ಮತ್ತೆ ಹೊತ್ತಿಕೊಂಡವು. ಮತ್ತೆ ಒತ್ತಿದ. ಮತ್ತೆ ಹೊತ್ತಿಕೊಂಡವು.

ಟೀಚರಮ್ಮನ ಮನೆಯ ಬಾಗಿಲು ತೆರೆದವನು ಆಕೆಯ ಮಗ. ಆಕೆ ಮಗನನ್ನು ಒಳಗೆ ಕಳುಹಿಸಿ, ಅಕ್ಕನಿಗೆ ಆದದ್ದನ್ನು ಕೇಳಿಕೊಂಡು, ತಗ್ಗಿದ ದನಿಯಲ್ಲಿ ಮಾತಾಡಿದರು.

“ನಮ್ಮ ಮೇಲಿನ ಹಗೆಗೆ ಯಾರೋ ಮಾಡಿಸಿದ್ದು. ಇವನಿಗೆ ಒಂಬತ್ತು ವರ್ಷ ಆಗ. ಹೀಗೇ, ಗೆರೆಗೆರೆಯಾಗಿ ಕಣ್ಣು ಹೋಯ್ತು. ತಿಳಿದವರೊಬ್ಬರು ಹೇಳಿದ್ರು, ಮಗು ಕಣ್ಣಿಟ್ಟು ನೋಡ್ತಿದ್ದ ವಸ್ತುವಿಗೆ ಅದನ್ನ ಕಟ್ಟಿಬಿಡು ಅಂತ. ಕಟ್ಟಿದೆ. ಇವನ ಕಣ್ಣು ಮರಳಿತು. ಅದನ್ನ ನೀನು ಬಿಚ್ಚಿದೆ. ಬಿಚ್ಚಿದವನನ್ನ ಅದು ಮುಟ್ಟಲ್ಲ. ಅವನಿಗೆ ಬೇಕಾದವರನ್ನ ಹಿಡಿಯುತ್ತೆ.”

“ನಾನು ಕಟ್ಟಬಹುದಾ?”

“ನಿನ್ನ ಕೂದಲಲ್ಲೇ ಕಟ್ಟಬೇಕು. ಏಳು ಗಂಟು. ಹೊತ್ತು ಮುಳುಗೋದರೊಳಗೆ.” ಆಕೆ ಒಳಬಾಗಿಲತ್ತ ತಿರುಗಿದರು. “ಬಾಗಿಲು ತೆಗೆದನಲ್ಲ ನನ್ನ ಮಗ, ಹೇಗಿದಾನೆ? ಮೀಸೆ ಬಿಟ್ಟಿದಾನಾ?”

ಅವನಿಗೆ ಅರ್ಥವಾಗಲಿಲ್ಲ.

“ನನಗೆ ಎಲ್ಲಾ ಕಾಣುತ್ತಪ್ಪ. ನೀನು ಕಾಣ್ತೀಯ, ಗೋಡೆ ಮೇಲಿನ ಇರುವೆ ಕಾಣುತ್ತೆ. ಅವನ ಮುಖ ಇರೋ ಕಡೆ ಬರೀ ಗೆರೆ. ಹದಿನಾರು ವರ್ಷ ಆಯ್ತು. ಕಟ್ಟಿದವರು ತೆರೋ ಕೂಲಿ ಅದು, ಗಂಟು ಬಿಚ್ಚಿದ್ರೂ ಮರಳಲ್ಲ. ದೇವರ ಹತ್ತಿರ ನಾನು ಬೇರೇನೂ ಕೇಳಿಲ್ಲ, ಒಂದು ಸಲ ನೋಡಬೇಕು ಅಂತ ಬಿಟ್ಟು. ಹೋಗು. ಅಕ್ಕನ್ನ ಎದುರಿಗೇ ಕೂರಿಸಿಕೋ. ಕಣ್ಣು ತುಂಬ ನೋಡಿಕೊಂಡು ಕಟ್ಟು.”

ಅವನು ಅಕ್ಕನನ್ನು ಕಿಟಕಿಯ ಬಳಿ ಕೂರಿಸಿದ. ಬಿಸಿಲು ಕೆಂಪಾಗಿತ್ತು. ತಲೆಯಿಂದ ಕೂದಲು ಕಿತ್ತ. ಗಿಡ್ಡ ಕೂದಲು. ಒಂದಕ್ಕೊಂದು ಸೇರಿಸಿ ಬಿಗಿದ. ಪಟ್ಟಿಗೆ ಸುತ್ತಿದ.

ಒಂದು ಗಂಟು. ಪರದೆಯ ಅಂಚು ಆರಿತು.

“ಏನೋ ಮಾಡ್ತಿದೀಯ? ಸುಟ್ಟ ವಾಸನೆ,” ಎಂದಳು ಅಕ್ಕ.

“ಸುಮ್ನೆ ಕೂತ್ಕೋ ಅಕ್ಕಾ.”

ಎರಡು. ಮೂರು. ಕೂದಲು ಜಾರಿತು. ಮತ್ತೆ ಹಿಡಿದ. ಅವಳ ಗಲ್ಲದ ಮಚ್ಚೆ ನೋಡಿದ. ನಾಲ್ಕು. ಹುಬ್ಬಿನ ನಡುವಿನ ಗೆರೆ ನೋಡಿದ. ಐದು. ಹೊರಗೆ ಬಿಸಿಲು ಗೋಡೆಯ ತುದಿಗೆ ಏರಿತ್ತು. ಆರು. ಅವಳ ರೆಪ್ಪೆ ಅಲುಗಿತು. ಪರದೆಯಲ್ಲಿ ಉಳಿದದ್ದು ಅವನ ಒಂದು ಕಣ್ಣು, ಅಷ್ಟೇ. ಅವಳ ಮುಖ ನೋಡಿದ. ಇನ್ನೊಮ್ಮೆ ನೋಡಿದ. ಇನ್ನೊಮ್ಮೆ. ಹೊತ್ತು ಮುಳುಗುತ್ತಿತ್ತು.

ಏಳು.

“ಅಯ್ಯೋ, ನಿನ್ನ ತಲೆಯಲ್ಲಿ ರಕ್ತ ಬರ್ತಿದೆಯಲ್ಲೋ,” ಎಂದಳು ಅಕ್ಕ.

ದನಿ ಬಂದ ಕಡೆ, ಸೆರಗಿನ ಮೇಲೆ, ಕೂದಲಿನ ಕೆಳಗೆ, ಬೂದು ಗೆರೆಗಳು ಸಾಲಾಗಿ ನಿಂತಿದ್ದವು.

ಗೆರೆಗಳ ಸಂಗತಿಯನ್ನು ಅವನು ಅಕ್ಕನಿಂದ ಬಚ್ಚಿಟ್ಟ. ಆ ವಾರ ಕಣ್ಣಿನ ಡಾಕ್ಟರು ಅಕ್ಕನನ್ನು ಪರೀಕ್ಷಿಸಿ, ಯಾವ ದೋಷವೂ ಇಲ್ಲ, ಸಣ್ಣ ಹೊಲಿಗೆಗೆ ಇರಲಿ ಎಂದು ಕನ್ನಡಕ ಬರೆದುಕೊಟ್ಟರು. ಅದನ್ನು ತಂದ ಬೆಳಿಗ್ಗೆ ಅಕ್ಕ ಅವನ ಮುಂದೆ ಬಂದು ನಿಂತಳು.

“ನೋಡೋ ಸ್ಕ್ರೂ, ಹೇಗಿದೆ? ಮುದುಕಿ ಥರ ಕಾಣ್ತೀನಾ?”

ಅವನು ಗೆರೆಗಳತ್ತ ನೋಡಿ ನಕ್ಕ. “ನಿನ್ನ ಮುಖಕ್ಕೆ ಚೆನ್ನಾಗಿ ಒಪ್ಪುತ್ತೆ ಅಕ್ಕಾ.”

ಅಕ್ಕನ ಕೈ ಅವನ ಕೆನ್ನೆಗೆ ಬಂತು.

“ಕನ್ನಡಕ ಇನ್ನೂ ಡಬ್ಬಿಯಲ್ಲೇ ಇದೆ ಕಣೋ,” ಎಂದಳು.